ಜುಲೈ ತಿಂಗಳ ದುಬೈ: ಮೆಟ್ರೋನಾ ಟ್ಯಾಕ್ಸಿನಾ, ನಸುಕೋ ರಾತ್ರಿಯೋ

ಜುಲೈ, ಆಗಸ್ಟ್‌ನಲ್ಲಿ ದುಬೈ ಹೋಟೆಲ್‌ಗಳ ಬಾಡಿಗೆ ಚಳಿಗಾಲಕ್ಕಿಂತ ಬಹಳ ಇಳಿದಿರುತ್ತದೆ. ಬಂಧುಗಳ ಮನೆಗೆ ಹೋಗುವವರಿಗೂ ಎಷ್ಟೋ ಸಲ ಬೇರೆ ತಿಂಗಳು ಕೂಡಿಬರುವುದಿಲ್ಲ. ಹೋಗಬಹುದು, ಊರನ್ನು ಚೆನ್ನಾಗಿ ನೋಡಲೂಬಹುದು. ಆದರೆ ಹೋಟೆಲ್, ವಾಹನ, ಹೊರಡುವ ಹೊತ್ತು ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕು: ಒಂದು ಎಸಿಯಿಂದ ಇನ್ನೊಂದು ಎಸಿಗೆ ನಡುವೆ ಎಷ್ಟು ಬಯಲು ದಾಟಬೇಕು? ನಾವು ಎಲ್ಲ ಆಯ್ಕೆಗಳನ್ನೂ ಇದೇ ಲೆಕ್ಕದಲ್ಲಿ ಹೋಲಿಸಿದ್ದೇವೆ.

ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ 42 ಡಿಗ್ರಿ ಹೊಸದಲ್ಲ. ಅಲ್ಲಿಯದು ಒಣ ಬಿಸಿಲು, ಬೆವರು ಕೂಡಲೇ ಆರುತ್ತದೆ. ದುಬೈಯಲ್ಲಿ ಅದೇ 42ರ ಜೊತೆ ಕೊಲ್ಲಿಯ ಸಮುದ್ರದ ಹಸಿಯೂ ಸೇರುತ್ತದೆ. ಆಗಸ್ಟ್‌ನಲ್ಲಿ ಸಮುದ್ರದ ನೀರೇ 33 ಡಿಗ್ರಿಯ ಆಸುಪಾಸು ಇರುತ್ತದೆ. ಬೆವರು ಆರದೆ ಸುರಿಯುತ್ತದೆ, ಮೈ ತಣಿಯುವುದಿಲ್ಲ. ಆದ್ದರಿಂದ ಥರ್ಮಾಮೀಟರಿನ ಅಂಕಿಯೊಂದನ್ನೇ ನೋಡಿ ದಿನದ ಯೋಜನೆ ಹಾಕಬೇಡಿ, ಫೋನಿನಲ್ಲಿ ತೇವಾಂಶವನ್ನೂ ನೋಡಿ.

ನಸುಕು ಮತ್ತು ರಾತ್ರಿ

ಮಧ್ಯಾಹ್ನದ ಮಾತೇ ಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12:30ರಿಂದ 3ರ ತನಕ ಬಯಲಲ್ಲಿ ಕೂಲಿ ಕೆಲಸ ಮಾಡಿಸುವುದನ್ನು ಅಲ್ಲಿನ ಸರಕಾರವೇ ನಿಷೇಧಿಸಿದೆ. ಆ ಹೊತ್ತಿನಲ್ಲಿ ಪ್ರವಾಸಿಗೆ ಬಯಲಲ್ಲಿ ಏನು ಕೆಲಸ?

ಉಳಿದದ್ದು ನಸುಕು ಮತ್ತು ರಾತ್ರಿ. ಹೆಚ್ಚಿನವರು ರಾತ್ರಿಯೇ ತಂಪು ಎಂದುಕೊಳ್ಳುತ್ತಾರೆ. ರಾತ್ರಿ 9ಕ್ಕೆ ಬಿಸಿಲು ಇಲ್ಲ ನಿಜ, ಆದರೆ ಹಗಲೆಲ್ಲ ಕಾದ ಗೋಡೆ, ಡಾಂಬರು, ಕಲ್ಲುಹಾಸು ಶಾಖ ಬಿಡುತ್ತಲೇ ಇರುತ್ತವೆ, ತೇವಾಂಶವೂ ಏರುತ್ತದೆ. ಬೆಳಗಿನ 5:15ರಿಂದ 7ರವರೆಗೆ ತೇವಾಂಶ ಇನ್ನೂ ಹೆಚ್ಚು, ಆದರೂ ನೆಲ ತಣಿದಿರುತ್ತದೆ, ಉಷ್ಣಾಂಶ 30ರ ಸುತ್ತ ಇರುತ್ತದೆ. ನಡೆಯುವುದಕ್ಕೆ ನಸುಕೇ ಮೇಲು. ಅಲ್ ಫಹೀದಿಯ ಹಳೆ ಕೇರಿ, ಗಾಳಿ ಹಿಡಿದು ಒಳಗಿಳಿಸುವ ಗೋಪುರಗಳಿರುವ ಹಳೆ ಮನೆಗಳು, ಊರ ನಡುವೆ ಚಾಚಿದ ಸಮುದ್ರದ ಹಿನ್ನೀರಾದ ಕ್ರೀಕ್‌ನ ದಂಡೆಯಲ್ಲಿ ಸರಕು ತುಂಬುವ ಮರದ ಹಡಗುಗಳು ಇವನ್ನೆಲ್ಲ ಈ ಹೊತ್ತಿನಲ್ಲೇ ನೋಡಬೇಕು. ಕ್ರೀಕ್ ದಾಟಿಸುವ ಅಬ್ರಾ ದೋಣಿಗೆ 1 ದಿರ್ಹಂ, ಚಿಲ್ಲರೆ ಕೈಯಲ್ಲಿರಲಿ.

ನಸುಕಿನ ಕೊರತೆ ಒಂದೇ, ಅಂಗಡಿಗಳು ಮುಚ್ಚಿರುತ್ತವೆ. ದೇರಾದ ಚಿನ್ನದ ಸೂಕ್ (ಮಾರುಕಟ್ಟೆ), ಮಸಾಲೆ ಸೂಕ್‌ಗಳಲ್ಲಿ ಕೊಳ್ಳುವುದಿದ್ದರೆ ರಾತ್ರಿ 8ರ ಮೇಲೆ ಹೋಗಿ. ಚಿನ್ನದ ಬೀದಿಗೆ ಮೇಲೆ ಚಾವಣಿ ಇದೆ, ಎಸಿ ಇಲ್ಲ. 20 ನಿಮಿಷ ಓಡಾಡಿ ಯಾವುದಾದರೂ ಅಂಗಡಿಯೊಳಗೆ ಹೋಗಿ ತಣಿದುಕೊಳ್ಳಿ. ಸಮುದ್ರಸ್ನಾನಕ್ಕೆ ರಾತ್ರಿಯೇ ಸರಿ: ಜುಮೈರಾ 2, ಜುಮೈರಾ 3, ಉಮ್ ಸುಖೈಮ್ 1 ಕಡಲತೀರಗಳಲ್ಲಿ ದೀಪ ಮತ್ತು ಜೀವರಕ್ಷಕರ ವ್ಯವಸ್ಥೆಯೊಂದಿಗೆ ರಾತ್ರಿ ಈಜಲು ಬಿಡುತ್ತಾರೆ. ನೀರು ತಣ್ಣಗಿರುತ್ತದೆಂಬ ನಿರೀಕ್ಷೆ ಮಾತ್ರ ಬೇಡ.

ಮೆಟ್ರೋ ಮತ್ತು ಟ್ಯಾಕ್ಸಿ

2009ರಲ್ಲಿ ಶುರುವಾದ ಮೆಟ್ರೋ ಬೇಸಿಗೆಗೆಂದೇ ಕಟ್ಟಿದಂತಿದೆ. ನಿಲ್ದಾಣ, ಪ್ಲಾಟ್‌ಫಾರ್ಮ್, ಶೇಖ್ ಜಾಯೆದ್ ರಸ್ತೆ ದಾಟಿಸುವ ಮೇಲ್ಸೇತುವೆ ಎಲ್ಲಕ್ಕೂ ಎಸಿ. ಪ್ರಯಾಣದ ಹಣ ತುಂಬಿಸಿಕೊಳ್ಳುವ ಬೆಳ್ಳಿ ಬಣ್ಣದ ನೋಲ್ ಕಾರ್ಡಿಗೆ 25 ದಿರ್ಹಂ, ಅದರಲ್ಲಿ 19 ಪ್ರಯಾಣಕ್ಕೇ ಸಿಗುತ್ತದೆ. ಒಂದೇ ವಲಯದೊಳಗೆ 3, ಪಕ್ಕದ ವಲಯಕ್ಕೆ 5, ಅದಕ್ಕೂ ದೂರಕ್ಕೆ 7.5 ದಿರ್ಹಂ. ಟ್ಯಾಕ್ಸಿಯಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 12–13, ವಿಮಾನ ನಿಲ್ದಾಣದಿಂದ ಹತ್ತಿದರೆ ಮೀಟರ್ 25ರಿಂದಲೇ ಶುರು, ನಡುವೆ ಸಾಲಿಕ್ ಗೇಟು ಬಂದರೆ ಟೋಲ್ ಬೇರೆ.

ಹಾಗಾದರೆ ಮೆಟ್ರೋವೇ ಗೆದ್ದಿತೇ? ಎಲ್ಲ ಕಡೆಯೂ ಅಲ್ಲ. ಮಾಲ್ ಆಫ್ ದಿ ಎಮಿರೇಟ್ಸ್, ಬುರ್‌ಜುಮಾನ್‌ಗಳಲ್ಲಿ ನಿಲ್ದಾಣದಿಂದ ನೇರ ಮಾಲಿನೊಳಗೇ ಹೋಗಬಹುದು, ಅಲ್ಲಿ ಮೆಟ್ರೋ ಬಿಟ್ಟು ಬೇರೆ ಯೋಚನೆ ಬೇಡ. ದುಬೈ ಮಾಲ್‌ಗೆ ಎಸಿ ಕಾರಿಡಾರ್ ಇದೆ, ಆದರೆ 800 ಮೀಟರಿಗೂ ಉದ್ದ. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ಟ್ಯಾಕ್ಸಿಯಲ್ಲಿ ಮಾಲಿನ ಬಾಗಿಲಿಗೇ ಇಳಿಸಿ. ಇನ್ನುಳಿದ ಕಡೆ ನಮ್ಮ ಗೆರೆ ಇದು: ಬೆಳಗಿನ 9ರಿಂದ ಸಂಜೆ 6ರ ನಡುವೆ ನಿಲ್ದಾಣದ ಬಾಗಿಲಿಂದ ಗುರಿಯ ಬಾಗಿಲಿಗೆ 300 ಮೀಟರ್ ಮೀರಿದರೆ ಟ್ಯಾಕ್ಸಿ. ರಸ್ತೆಬದಿ ಕೈ ಚಾಚಿ ಕಾಯಬೇಡಿ, ಆ್ಯಪ್‌ನಲ್ಲಿ ಬುಕ್ ಮಾಡಿ ಗಾಡಿ ಬಂದ ಮೇಲೆ ಲಾಬಿಯಿಂದ ಹೊರಬನ್ನಿ.

ಮೆಟ್ರೋದಲ್ಲಿ ಹೊಸಬರು ಎಡವುವುದು ಮೂರು ಕಡೆ. ಗೇಟು ದಾಟಿದ ಮೇಲೆ ನೀರು ಕುಡಿಯುವಂತಿಲ್ಲ, ತಿನ್ನುವಂತಿಲ್ಲ, ದಂಡ 100 ದಿರ್ಹಂ. ಆದ್ದರಿಂದ ಗೇಟಿನ ಹೊರಗೇ ಅರ್ಧ ಬಾಟಲಿ ಕುಡಿದು ಒಳಗೆ ಹೋಗಿ. ಮಹಿಳೆಯರ ಬೋಗಿಯ ಗುಲಾಬಿ ಗೆರೆ ದಾಟಿ ನಿಂತ ಗಂಡಸರಿಗೂ ದಂಡ ಬೀಳುತ್ತದೆ. ಉಳಿದ ದಿನ 5ಕ್ಕೆ ಹೊರಡುವ ರೈಲು ಭಾನುವಾರ 8ಕ್ಕೆ ಶುರು, ಅಂದು ನಸುಕಿನ ಸುತ್ತಾಟಕ್ಕೆ ಟ್ಯಾಕ್ಸಿಯೇ ಗತಿ. ಇನ್ನೊಂದು ವಿಷಯ, ವಿಮಾನ ನಿಲ್ದಾಣದ ಟರ್ಮಿನಲ್ 1 ಮತ್ತು 3ಕ್ಕೆ ಮೆಟ್ರೋ ಇದೆ, 2ಕ್ಕೆ ಇಲ್ಲ.

ಬಸ್ಸು ಅಗ್ಗ, ಎಸಿ ತಂಗುದಾಣಗಳೂ ಇವೆ. ಎಲ್ಲ ನಿಲುಗಡೆಗೂ ಇಲ್ಲ ಎನ್ನುವುದೇ ತೊಂದರೆ.

ಉಳಿಯುವುದೆಲ್ಲಿ

ಬುರ್ ದುಬೈ, ಕರಾಮಾ ಕಡೆ ಉಳಿದರೆ ಅನ್ನ ಸಾರು, ದೋಸೆ ನಡೆದು ಹೋಗುವಷ್ಟು ಹತ್ತಿರ, ಕ್ರೀಕ್ ಹತ್ತಿರ, ಬಾಡಿಗೆಯೂ ಹಗುರ. ಮರೀನಾದಲ್ಲಿ ಸಮುದ್ರದ ನೋಟವಿದೆ, ಟ್ರಾಮ್ ಇದೆ, ಆದರೆ ಹಳೆ ಊರಿಗೆ ಬರಲು ಹೋಗಲು ದಿನಕ್ಕೆ ಎರಡು ಗಂಟೆ ಬೇಕು. ಚಳಿಗಾಲದಲ್ಲಾದರೆ ಮರೀನಾಕ್ಕೆ ಮತ ಹಾಕಬಹುದಿತ್ತು. ದಂಡೆಯ ಮೇಲೆ ನಡೆಯುವ ಸುಖಕ್ಕೇ ಅಲ್ಲಿ ಹಣ ಕೊಡುವುದು, ಜುಲೈಯಲ್ಲಿ ಆ ಸುಖ ಇಲ್ಲ. ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ಹೋಟೆಲ್ ಬಾಗಿಲಿಂದ ನಿಲ್ದಾಣದ ಬಾಗಿಲಿಗೆ ನಡಿಗೆಯ ದಾರಿ ಅಳೆಯಿರಿ. "ಮೆಟ್ರೋ ಹತ್ತಿರ" ಎಂಬ ಜಾಹೀರಾತನ್ನು ನಂಬಬೇಡಿ.

ಬಂಧುಗಳ ಫ್ಲ್ಯಾಟಿನಲ್ಲಿ ಉಳಿದರೆ ತಣ್ಣೀರಿನ ನಲ್ಲಿಯಲ್ಲಿ ಸುಡುನೀರು ಬರಬಹುದು, ಟ್ಯಾಂಕು ಬಿಸಿಲಲ್ಲಿ ಕಾಯುತ್ತದೆ. ಗಲ್ಫ್‌ನ ಮನೆಗಳಲ್ಲಿ ಬೇಸಿಗೆಗೆ ಗೀಸರ್ ಸ್ವಿಚ್ ಆರಿಸಿಡುತ್ತಾರೆ. ಆಗ ಗೀಸರಿನಲ್ಲಿ ನಿಂತ ನೀರು ಎಸಿ ಮನೆಯೊಳಗೆ ತಣಿದಿರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿ ಸ್ನಾನ ಮಾಡಿ.

ಕುಡಿಯಲು, ಉಡಲು

ಬರೀ ನೀರು, ಓಆರ್‌ಎಸ್, ಲಬನ್ (ಕುಡಿಯುವ ಮೊಸರು) ಮೂರರಲ್ಲಿ ದಿನವಿಡೀ ಕುಡಿಯಲು ನೀರು, ಹೆಚ್ಚು ಬೆವರಿದ ದಿನ ಓಆರ್‌ಎಸ್. ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ 1 ಲೀಟರಿಗೇ ಬೆರೆಸಿ. ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ವಾಕರಿಕೆ ಬರುತ್ತದೆ. ಲಬನ್ ಪ್ರತಿ ದಿನಸಿ ಅಂಗಡಿಯಲ್ಲೂ ಸಿಗುತ್ತದೆ, ನೀರು ಬೆರೆಸಿ ಚಿಟಿಕೆ ಉಪ್ಪು ಹಾಕಿದರೆ ನಮ್ಮ ಮಜ್ಜಿಗೆಯೇ. ಬಯಲಲ್ಲಿರುವಾಗ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಿರಿ, ಬಾಯಾರಲಿ ಎಂದು ಕಾಯಬೇಡಿ. ಯಾರಾದರೂ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಎಸಿಗೆ ಕರೆದೊಯ್ದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು 998ಕ್ಕೆ ಕರೆಮಾಡಿ. ಆಂಬುಲೆನ್ಸ್ ಬರುತ್ತದೆ.

ದಪ್ಪ ಹತ್ತಿ ಬಟ್ಟೆ ಇಲ್ಲಿ ಸೋಲುತ್ತದೆ. ಬೆವರಿಗೆ ನೆನೆದು ಆರುವುದಿಲ್ಲ, ಹಾಗೇ ಮಾಲಿನ ಎಸಿಗೆ ಹೋದರೆ ನಡುಕ ಹುಟ್ಟುತ್ತದೆ. ತೆಳು ಹತ್ತಿ ಅಥವಾ ಬೇಗ ಆರುವ ಬಟ್ಟೆಯ ಪೂರ್ತಿ ತೋಳಿನ ಅಂಗಿ ಹಾಕಿ, ಚೀಲದಲ್ಲಿ ಒಂದು ಶಾಲು ಇರಲಿ. ಕ್ಯಾಮೆರಾ ಎಸಿಯಿಂದ ಹೊರಬಂದ ಕೂಡಲೇ ಲೆನ್ಸಿನ ಮೇಲೆ ನೀರು ಕಟ್ಟುತ್ತದೆ. ಒರೆಸಿದರೂ ಮತ್ತೆ ಕಟ್ಟುತ್ತದೆ. ಚೀಲ ಮುಚ್ಚಿದಂತೆಯೇ 20 ನಿಮಿಷ ಹೊರಗಿಟ್ಟು ಆಮೇಲೆ ತೆಗೆಯಿರಿ.

ಊರ ಹೊರಗೆ

ಗ್ಲೋಬಲ್ ವಿಲೇಜ್, ಮಿರಾಕಲ್ ಗಾರ್ಡನ್ ಬೇಸಿಗೆಯಲ್ಲಿ ಮುಚ್ಚಿರುತ್ತವೆ. ಪ್ಯಾಕೇಜ್ ಪಟ್ಟಿಯಲ್ಲಿ ಅವು ಕಂಡರೆ ಏಜೆಂಟರನ್ನು ಕೇಳಿ. ಉಳಿಯುವುದು ಮರಳುಗಾಡಿನ ಸಫಾರಿ ಮತ್ತು ರಾಸ್ ಅಲ್ ಖೈಮಾದ ಜೆಬೆಲ್ ಜೈಸ್. ಸಂಜೆ ಸಫಾರಿಗೆ 3ರ ಸುಮಾರಿಗೆ ಹೊರಡಿಸುತ್ತಾರೆ, ಮರಳು ಇನ್ನೂ ಅಂಗಾಲು ಸುಡುವಷ್ಟು ಕಾದಿರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ. ಒಳನಾಡಿನ ಗಾಳಿ ಒಣದಾದ್ದರಿಂದ ಸೂರ್ಯ ಮುಳುಗಿದ ಮೇಲೆ ಕರಾವಳಿಗಿಂತ ಹಿತ ಎನ್ನಿಸುತ್ತದೆ. ಜೆಬೆಲ್ ಜೈಸ್ 1,934 ಮೀಟರ್ ಎತ್ತರ, ದೇಶದಲ್ಲೇ ಎತ್ತರದ ಬೆಟ್ಟ. ಕೆಳಗಿಗಿಂತ ಸುಮಾರು 10 ಡಿಗ್ರಿ ಕಡಿಮೆ, ಬೆಟ್ಟದ ಮೇಲೆ ಬಹುದೂರ ಒಳ್ಳೆಯ ರಸ್ತೆ. ಮಕ್ಕಳು, ಹಿರಿಯರು ಇರುವ ಕುಟುಂಬಕ್ಕೆ ನಾವು ಹೇಳುವುದು ಇದನ್ನೇ: ಕಾರು ಮಾಡಿಕೊಂಡು ಸಂಜೆ 5ಕ್ಕೆ ಬೆಟ್ಟದ ಮೇಲಿರುವಂತೆ ಹೊರಡಿ, ಹತ್ತುವ ಮೊದಲು ಟೈರಿನ ಗಾಳಿ ಮತ್ತು ಪೆಟ್ರೋಲ್ ನೋಡಿಕೊಳ್ಳಿ.