ಕೋವಿಡ್ ಕವಚ್ ಎಲೈಸಾ ಕಿಟ್: ಊರನ್ನು ಅಳೆಯುತ್ತದೆ, ಆಳನ್ನಲ್ಲ

ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ 2020ರಲ್ಲಿ ರೂಪಿಸಿದ ಈ ಎಲೈಸಾ (ಬಣ್ಣ ತಿರುಗುವುದನ್ನು ನೋಡಿ ಪ್ರತಿಕಾಯ ಪತ್ತೆಹಚ್ಚುವ ಪರೀಕ್ಷೆ) ಕಿಟ್ಟನ್ನು ಮಾರುಕಟ್ಟೆಗೆ ತಂದದ್ದು ಝೈಡಸ್ ಕ್ಯಾಡಿಲಾ ಎಂಬ ಔಷಧ ಕಂಪನಿ. ಕೊರೊನಾ ವಿರುದ್ಧ ಐಜಿಜಿ (ಸೋಂಕಿನ ನಂತರ ಬಹುಕಾಲ ಉಳಿಯುವ ಬಗೆಯ) ಪ್ರತಿಕಾಯ ಇದೆಯೇ ಎಂದು ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್‌ನಲ್ಲಿ ಹುಡುಕುತ್ತದೆ. 96 ವೆಲ್‌ಗಳ (ಪುಟ್ಟ ಗುಣಿಗಳ) ಪ್ಲೇಟು, ಒಂದು ಸಲಕ್ಕೆ 90 ಮಾದರಿ, ಸುಮಾರು ಎರಡೂವರೆ ಗಂಟೆಯ ಕೆಲಸ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರದಿಂದ ಎಣ್ಮಕಜೆಯವರೆಗೆ ಮನೆಮನೆ ಸಮೀಕ್ಷೆ ಮಾಡುವವರಿಗೆ ಈ ವೇಗ ದೊಡ್ಡ ಅನುಕೂಲ.

ಕಿಟ್ ಕೈಕೊಡುವುದಕ್ಕಿಂತ ಹೆಚ್ಚಾಗಿ ಮಾದರಿ ಕೈಕೊಡುತ್ತದೆ. ತೆಗೆದ ರಕ್ತ ಅರ್ಧ ಗಂಟೆ ಅಲುಗಾಡದೆ ನಿಂತು ಹೆಪ್ಪುಗಟ್ಟಬೇಕು. ಆ ಮೊದಲೇ ಜೀಪಿನಲ್ಲಿಟ್ಟು ಗುಡ್ಡದ ರಸ್ತೆಯಲ್ಲಿ ಕುಲುಕಿಸಿದರೆ ಕೆಂಪುಕಣ ಒಡೆದು ಸೀರಮ್ ಕೆಂಪಾಗುತ್ತದೆ. ಅಂಥ ಮಾದರಿಯ ಓದಿಗೆ ಭರವಸೆ ಇಲ್ಲ. ಸೆಂಟ್ರಿಫ್ಯೂಜ್ (ಗಿರ್ರನೆ ತಿರುಗಿಸಿ ಸೀರಮ್ ಬೇರ್ಪಡಿಸುವ ಕೆಲಸ) ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗಿಬಿಡಲಿ. ಬೇರ್ಪಡಿಸಿದ ಸೀರಮ್ಮನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಬಹುದು.

ಲ್ಯಾಬಿನಲ್ಲಿ ಎಡವುವುದು ತೊಳೆಯುವ ಹಂತದಲ್ಲಿ. ವೆಲ್‌ನಲ್ಲಿ ಉಳಿದ ಒಂದೆರಡು ಹನಿ ಕಾಂಜುಗೇಟ್ (ಬಣ್ಣ ಬರಿಸುವ ಕಿಣ್ವ ಅಂಟಿಸಿದ ಪ್ರತಿಕಾಯದ ದ್ರಾವಣ) ಸಾಕು, ನೆಗೆಟಿವ್ ಮಾದರಿಯೂ ಬಣ್ಣ ತಿರುಗಲು. ಪ್ರತಿ ಸಲ ತೊಳೆದಾಗ ಪ್ಲೇಟನ್ನು ಟಿಶ್ಯೂ ಮೇಲೆ ಮಗುಚಿ ಬಡಿಯಿರಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ: ನಮ್ಮ ಮಳೆಗಾಲದ ಗಾಳಿಗೆ ಪ್ಲೇಟಿನ ಮೇಲೆ ನೀರು ಬೆವರುತ್ತದೆ. ಒಂದು ಲಾಟಿನ (ಒಂದೇ ಸಲ ತಯಾರಾದ ಕಂತಿನ) ಪ್ಲೇಟಿಗೆ ಇನ್ನೊಂದು ಲಾಟಿನ ದ್ರಾವಣ ಬೆರೆಸುವುದು ಬೇಡವೇ ಬೇಡ. ಇನ್ಕ್ಯುಬೇಟರಿಗೂ ಬಣ್ಣ ಅಳೆಯುವ ರೀಡರಿಗೂ ಯುಪಿಎಸ್ ಇರಲೇಬೇಕು. ಕರೆಂಟು ಯಾವಾಗ ಹೋಗುತ್ತದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಲೆಕ್ಕ. ಪ್ರಕಟಿತ ಮೌಲ್ಯಮಾಪನದಂತೆ ಸೆನ್ಸಿಟಿವಿಟಿ (ಪ್ರತಿಕಾಯ ಇದ್ದವರನ್ನು ಪಾಸಿಟಿವ್ ಎಂದು ಹಿಡಿಯುವ ಪ್ರಮಾಣ) 92.37%, ಸ್ಪೆಸಿಫಿಸಿಟಿ (ಇಲ್ಲದವರನ್ನು ನೆಗೆಟಿವ್ ಎನ್ನುವ ಪ್ರಮಾಣ) 97.9%. ಕೇಳಲು ಚೆನ್ನಾಗಿದೆ. ಆದರೆ 2020ರ ಮೇ–ಜೂನ್‌ನಲ್ಲಿ ನಡೆದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದಲ್ಲಿ ಪ್ರತಿಕಾಯ ಇದ್ದವರ ಪ್ರಮಾಣ 0.73% ಮಾತ್ರ. ಅಂಥ ಕಾಲದಲ್ಲಿ 1000 ಜನರನ್ನು ಪರೀಕ್ಷಿಸಿದರೆ ನಿಜವಾಗಿ ಸೋಂಕು ತಗಲಿದವರು ಏಳು ಮಂದಿ, ಸುಳ್ಳು ಪಾಸಿಟಿವ್ 21! ಆದ್ದರಿಂದ ಬಂದ ಪ್ರಮಾಣವನ್ನು ಹಾಗೇ ಬರೆಯಬಾರದು. 100% ಅನ್ನು ಒಂದು ಎಂದಿಟ್ಟುಕೊಂಡು, ಬಂದ ಪ್ರಮಾಣಕ್ಕೆ ಸ್ಪೆಸಿಫಿಸಿಟಿ ಕೂಡಿಸಿ ಒಂದು ಕಳೆಯಿರಿ. ಅದನ್ನು ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿಗಳ ಮೊತ್ತದಿಂದ ಒಂದು ಕಳೆದ ಸಂಖ್ಯೆಯಿಂದ ಭಾಗಿಸಿ. 2.8% ಬಂದಿದ್ದರೆ ತಿದ್ದಿದ ಪ್ರಮಾಣ ಸುಮಾರು 0.8%. ಅರ್ಧ ಊರೇ ಪಾಸಿಟಿವ್ ಬಂದಾಗ ಇದೇ ಸೂತ್ರ ಅಂಕಿಯನ್ನು ಮೂರು ಶೇಕಡಾದಷ್ಟು ಮೇಲಕ್ಕೆ ಸರಿಸುತ್ತದೆ, ಅಷ್ಟೆ. ಸುಳ್ಳು ಪಾಸಿಟಿವ್ ಬರುವ ಕಾರಣಕ್ಕೇ ಒಬ್ಬ ವ್ಯಕ್ತಿಯ ಕೈಗೆ ಈ ವರದಿ ಕೊಟ್ಟು "ನಿಮಗೆ ಬಂದು ಹೋಗಿದೆ" ಎನ್ನುವ ಲ್ಯಾಬುಗಳನ್ನು ನಂಬಬೇಡಿ.

ಲಸಿಕೆ ಬಂದ ಮೇಲೆ ಕಿಟ್ಟಿನ ಇನ್ನೊಂದು ಮಿತಿ ಎದ್ದು ಕಾಣುತ್ತದೆ. ಪ್ಲೇಟಿನ ತಳಕ್ಕೆ ಲೇಪಿಸಿರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸು. ಹಾಗಾಗಿ ಪ್ರತಿಕಾಯ ಸೋಂಕಿನದೋ ಲಸಿಕೆಯದೋ ಇದಕ್ಕೆ ಗೊತ್ತಾಗದು. ಅದಕ್ಕೆ ವೈರಸ್ಸಿನ ಹೊರಮೈಯ ಮುಳ್ಳಾದ ಸ್ಪೈಕ್ ಮತ್ತು ಒಳಗಿನ ಪ್ರೋಟೀನಾದ ನ್ಯೂಕ್ಲಿಯೋಕ್ಯಾಪ್ಸಿಡ್ ಎರಡರ ಪ್ರತಿಕಾಯವನ್ನೂ ಬೇರೆಬೇರೆಯಾಗಿ ನೋಡುವ ಪರೀಕ್ಷೆ ಬೇಕು. ಕೋವಿಶೀಲ್ಡ್ ಸ್ಪೈಕಿನ ಲಸಿಕೆ ಮಾತ್ರ, ಆದ್ದರಿಂದ ಅದನ್ನು ಪಡೆದವರಲ್ಲಿ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರತಿಕಾಯ ಕಂಡರೆ ಸೋಂಕೆಂದೇ ಲೆಕ್ಕ. ಕೋವ್ಯಾಕ್ಸಿನ್ ಇಡೀ ವೈರಸ್ಸಿನ ಲಸಿಕೆಯಾದ್ದರಿಂದ ಆ ಉಪಾಯವೂ ನಡೆಯದು. ಗಡಿಯವರಲ್ಲಿ ಕೆಲವರು ಮಂಗಳೂರಲ್ಲೂ ಲಸಿಕೆ ಹಾಕಿಸಿಕೊಂಡಿರಬಹುದು, ಆದ್ದರಿಂದ ಫಾರಮಿನಲ್ಲಿ ಲಸಿಕೆಯ ಹೆಸರು, ಡೋಸು, ದಿನಾಂಕ ಮೂರನ್ನೂ ಕೇಳಿ. ಒಪ್ಪಿಗೆ ಪತ್ರ ಮಲಯಾಳದಲ್ಲಷ್ಟೇ ಇದ್ದರೆ ಸಾಲದು, ಕನ್ನಡದಲ್ಲೂ ಇರಲಿ; ತುಳು ಮಾತಾಡುವ ಮನೆಗಳಲ್ಲಿ ಓದಿ ಹೇಳಬಲ್ಲ ಆಶಾ ಕಾರ್ಯಕರ್ತೆ ಜತೆಗಿರಲಿ. ಹಗಲು ಹೊತ್ತಿನಲ್ಲೇ ಹೋದರೆ ದುಡಿಯುವವರು ಸಿಗುವುದಿಲ್ಲ, ಸಂಜೆ ಅಥವಾ ಭಾನುವಾರ ಇನ್ನೊಮ್ಮೆ ಹೋಗಿ.

2021ರ ಜೂನ್–ಜುಲೈನ ರಾಷ್ಟ್ರೀಯ ಸಮೀಕ್ಷೆ ಕೇರಳಕ್ಕೆ 44.4% ಕೊಟ್ಟಿತು, ಅದೇ ವರ್ಷದ ಸೆಪ್ಟೆಂಬರಿನ ರಾಜ್ಯ ಸಮೀಕ್ಷೆ 82.6%. ಮೊದಲನೆಯದರಲ್ಲಿ ಆರು ವರ್ಷದ ಮಕ್ಕಳಿಂದ ಹಿಡಿದು ಲೆಕ್ಕ, ಎರಡನೆಯದು 18 ದಾಟಿದವರದು. ನಡುವೆ ಲಸಿಕೆಯೂ ಓಡಿತ್ತು, ಸೋಂಕೂ ಹಬ್ಬಿತ್ತು. ಕಿಟ್, ವಯಸ್ಸು, ತಿಂಗಳು ನಮೂದಿಸದ ಶೇಕಡಾವನ್ನು ಪಕ್ಕಕ್ಕಿಡಿ.

2020ರ ಊರ ಸಮೀಕ್ಷೆಗೆ ಐದರಲ್ಲಿ ನಾಲ್ಕು ಅಂಕ. ಲಸಿಕೆಯ ನಂತರದ ಕೆಲಸಕ್ಕೆ ಎರಡು. ಕೊಂಡವರು ಪ್ರತಿ ಸೀರಮ್ಮಿನ ಒಂದು ಪಾಲನ್ನು ಮೈನಸ್ 20 ಡಿಗ್ರಿಯಲ್ಲಿ ಎತ್ತಿಡಿ. ಪಾಸಿಟಿವ್ ಬಂದದ್ದನ್ನು ಬೇರೆ ಕಂಪನಿಯ ಎಲೈಸಾದಲ್ಲಿ ಇನ್ನೊಮ್ಮೆ ನೋಡಲು ಅದು ಬೇಕು.