ಎನ್‌ಕೆಎಫ್: ಜಪಾನಿ ಕಡತಗಳೊಂದಿಗೆ ಎಂಟು ವರ್ಷಗಳ ಬಳಕೆಯ ನಂತರ

ಜಪಾನಿನಿಂದ ಬರುವ ಪಠ್ಯ ಕಡತಗಳನ್ನು ಯುಟಿಎಫ್-8ಕ್ಕೆ, ಅಂದರೆ ಎಲ್ಲ ಭಾಷೆಗಳಿಗೂ ಸಲ್ಲುವ ಯೂನಿಕೋಡ್ ಸಂಕೇತ ಪದ್ಧತಿಗೆ, ಬದಲಾಯಿಸುವ ಕೆಲಸಕ್ಕೆ ನಾನು ಎಂಟು ವರ್ಷಗಳಿಂದ ಬಳಸುತ್ತಿರುವುದು ಎನ್‌ಕೆಎಫ್ ಎಂಬ ಉಚಿತ ತಂತ್ರಾಂಶ. ‘ನೆಟ್‌ವರ್ಕ್ ಕಾಂಜಿ ಫಿಲ್ಟರ್’ ಎಂಬುದು ಅದರ ಪೂರ್ಣ ಹೆಸರು. 1987ರಲ್ಲಿ ಫುಜಿತ್ಸು ಸಂಸ್ಥೆಯಲ್ಲಿ ಹುಟ್ಟಿದ ಇದನ್ನು ಟರ್ಮಿನಲ್‌ನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟು ನಡೆಸಬೇಕು.

ಗಣಕ ಪ್ರತಿ ಅಕ್ಷರವನ್ನೂ ಬೈಟು ಎಂಬ ಸಂಖ್ಯೆಗಳಾಗಿ ಇಡುತ್ತದೆ; ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಪದ್ಧತಿಯಿಂದ ಪದ್ಧತಿಗೆ ಬೇರೆ. ಶಿಫ್ಟ್-ಜಿಸ್ ಮತ್ತು ಇಯುಸಿ ಜಪಾನಿನ ಹಳೆಯ ಪದ್ಧತಿಗಳು. ಹಿರಗಾನ ಎಂಬ ಜಪಾನಿ ಲಿಪಿಯ ‘ಅ’ ಅಕ್ಷರ ಶಿಫ್ಟ್-ಜಿಸ್ ಪದ್ಧತಿಯಲ್ಲಿ 130, 160 ಎಂಬ ಎರಡು ಬೈಟುಗಳು; ಇಯುಸಿ ಪದ್ಧತಿಯಲ್ಲಿ 164, 162; ಯುಟಿಎಫ್-8ರಲ್ಲಿ 227, 129, 130 ಎಂಬ ಮೂರು ಬೈಟುಗಳು. ತಾನು ಯಾವ ಪದ್ಧತಿಯದೆಂದು ಸಾದಾ ಪಠ್ಯ ಕಡತ ಹೇಳುವುದಿಲ್ಲ. ತಪ್ಪು ಪದ್ಧತಿಯಲ್ಲಿ ತೆರೆದಾಗ ಕಾಣುವ ಕಲಸುಮೇಲೋಗರಕ್ಕೆ ಜಪಾನಿಯರು ‘ಮೊಜಿಬಾಕೆ’ ಎನ್ನುತ್ತಾರೆ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಅದರ ಫಾಂಟ್ ಇಲ್ಲದ ಗಣಕದಲ್ಲಿ ತೆರೆದವರಿಗೆ ಆ ಸಂಕಟ ಹೊಸದಲ್ಲ. ಶಿಫ್ಟ್-ಜಿಸ್‌ನಲ್ಲಿ ಇನ್ನೊಂದು ತೊಡಕಿದೆ. ಕಟಕಾನ ಎಂಬ ಇನ್ನೊಂದು ಜಪಾನಿ ಲಿಪಿಯ ‘ಸೊ’ ಅಕ್ಷರದ ಎರಡನೆಯ ಬೈಟು 92; ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಪದ್ಧತಿಯಾದ ಆಸ್ಕಿಯ ಬ್ಯಾಕ್‌ಸ್ಲ್ಯಾಶ್ ಕೂಡ ಅದೇ, ಅದನ್ನು ಹಲವು ಪ್ರೋಗ್ರಾಮ್‌ಗಳು ವಿಶೇಷ ಗುರುತೆಂದು ಓದುತ್ತವೆ. ಆದ್ದರಿಂದ ‘ಸೊಫುತೊವೆಯಾ’, ಅಂದರೆ ಸಾಫ್ಟ್‌ವೇರ್, ಎಂಬ ಪದದ ಮೊದಲ ಅಕ್ಷರವೇ ಕೆಲವು ಪ್ರೋಗ್ರಾಮ್‌ಗಳಲ್ಲಿ ಮುರಿದುಬೀಳುತ್ತದೆ. ಯುಟಿಎಫ್-8ಕ್ಕೆ ಬದಲಾಯಿಸಿದ ಮೇಲೆ ಈ ಕಾಟವಿಲ್ಲ, ಏಕೆಂದರೆ ಅಲ್ಲಿ ಜಪಾನಿ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲ.

ಪರಿವರ್ತನೆಯ ವೇಗದ ಬಗ್ಗೆ ನನಗೆ ಒಮ್ಮೆಯೂ ದೂರು ಬಂದಿಲ್ಲ. ಎಚ್ಚರ ಬೇಕಿರುವುದು ನಾವು ಕೇಳದೆಯೇ ಅದು ಮಾಡುವ ಉಪಕಾರಗಳ ಬಗ್ಗೆ. ಬಳಸಲು ತೊಡಗಿದ ಮೊದಲ ವರ್ಷ, ಬ್ಯಾಂಕ್ ವರ್ಗಾವಣೆಯ ಶಿಫ್ಟ್-ಜಿಸ್ ಕಡತವೊಂದರಲ್ಲಿ ಸಾಲು ಮುಗಿಯುವ ಗುರುತನ್ನಷ್ಟೇ ಬದಲಾಯಿಸಲು ಇದನ್ನು ಓಡಿಸಿದೆ. ಅಂಥ ಕಡತಗಳಲ್ಲಿ ಖಾತೆದಾರರ ಹೆಸರು ಅರ್ಧ ಅಗಲದ ಕಟಕಾನದಲ್ಲಿ, ಅಕ್ಷರಕ್ಕೊಂದು ಬೈಟಿನಂತೆ, ನಿಗದಿತ ಉದ್ದದ ಅಂಕಣದಲ್ಲಿರುತ್ತದೆ. ಬೇಡವೆಂದು ಹೇಳದಿದ್ದರೆ ಎನ್‌ಕೆಎಫ್ ಅದನ್ನು ಪೂರ್ಣ ಅಗಲದ, ಎರಡು ಬೈಟಿನ ಅಕ್ಷರವಾಗಿಸುತ್ತದೆ. ‘ತನಾಕಾ’ ಮೂರು ಬೈಟುಗಳಿಂದ ಆರಾಯಿತು. ಅರ್ಧ ಅಗಲದ ‘ಯಮಾದಾ’ದಲ್ಲಿ ಕೊನೆಯ ‘ದಾ’ ಎಂಬುದು ‘ತಾ’ ಮತ್ತು ಒಂದು ಪ್ರತ್ಯೇಕ ಗುರುತು ಸೇರಿ ಆದದ್ದಾದ್ದರಿಂದ ನಾಲ್ಕು ಬೈಟುಗಳಿದ್ದವು, ಅವೂ ಆರಾದವು. ಒಂದು ಸಾಲಿನಲ್ಲಿ ಮೂರು, ಮತ್ತೊಂದರಲ್ಲಿ ಎರಡು ಬೈಟು ಸರಿದು ಖಾತೆ ಸಂಖ್ಯೆಗಳೆಲ್ಲ ಜಾಗ ತಪ್ಪಿದವು. ಕಳುಹಿಸುವ ಮೊದಲೇ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಸಣ್ಣಕ್ಷರದ ‘ಎಕ್ಸ್’ ಆಯ್ಕೆ ಕೊಟ್ಟರೆ ಸಾಕು, ಅರ್ಧ ಅಗಲದ ಅಕ್ಷರ ಹಾಗೆಯೇ ಉಳಿಯುತ್ತದೆ.

ಪದ್ಧತಿಯನ್ನು ತಾನೇ ಊಹಿಸುವ ಗುಣವನ್ನೂ ನಾನು ಪೂರ್ತಿ ನಂಬುವುದಿಲ್ಲ. ಉದ್ದನೆಯ ಲೇಖನದಲ್ಲಿ ಊಹೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ಆದರೆ ಅರ್ಧ ಅಗಲದ ಕಟಕಾನದ ಬೈಟುಗಳು 161ರಿಂದ 223ರ ನಡುವೆ ಬರುವುದರಿಂದ, ಅವುಗಳಲ್ಲಿ ಅಕ್ಕಪಕ್ಕದ ಎರಡು ಸೇರಿ ಇಯುಸಿಯ ಒಂದು ಅಕ್ಷರದಂತೆಯೇ ಕಾಣಬಹುದು. ಹೆಸರುಗಳಷ್ಟೇ ಇರುವ ಪುಟ್ಟ ಕಡತದಲ್ಲಿ ಎರಡನ್ನೂ ಬೇರ್ಪಡಿಸಲು ಯಾವ ತಂತ್ರಾಂಶಕ್ಕೂ ಆಧಾರ ಸಿಗುವುದಿಲ್ಲ.

‘10ರಿಂದ 17ರವರೆಗೆ’ ಎನ್ನಲು ಜಪಾನಿಯರು ಬಳಸುವ ಅಲೆಗೀಟಿನದು ಬೇರೆ ಕಥೆ. ಜಪಾನಿನ ಮಾನದಂಡವಾದ ಜಿಸ್‌ನ ಕೋಷ್ಟಕ ಅದಕ್ಕೆ ಕೊಡುವ ಯೂನಿಕೋಡ್ ಸಂಕೇತ ಒಂದು, ವಿಂಡೋಸ್ ಕೋಷ್ಟಕ ಕೊಡುವುದು ಮತ್ತೊಂದು. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಒಂದನ್ನು ಕೊಟ್ಟು ಹುಡುಕಿದಾಗ ಇನ್ನೊಂದು ಸಿಗುವುದಿಲ್ಲ. ಹೀಗಾಗಿ ಕಡತ ವಿಂಡೋಸ್‌ನಿಂದ ಬಂದಿದ್ದರೆ ಮೂಲ ಪದ್ಧತಿಯನ್ನು ಸಿಪಿ932 (ವಿಂಡೋಸ್ ಬಳಸುವ ಶಿಫ್ಟ್-ಜಿಸ್ ರೂಪ) ಎಂದೇ ಬರೆದು ಕೊಡುತ್ತೇನೆ, ಜೊತೆಗೆ ಸಣ್ಣ ‘ಎಕ್ಸ್’ ಸೇರಿಸುತ್ತೇನೆ. ಯಾವ ಗಣಕದಿಂದ ಬಂದದ್ದೆಂದು ತಿಳಿಯದಿದ್ದರೆ ಮೊದಲು ಕಳುಹಿಸಿದವರನ್ನೇ ಕೇಳುತ್ತೇನೆ.