1856ರ ಹಾರುವ ಹದ್ದಿನ ಸೆಂಟ್: ದುಡ್ಡು ಕೊಡುವ ಮೊದಲು 5 ಮತ್ತು 6 ನೋಡಿ

ಹಾರುವ ಹದ್ದಿನ ಚಿತ್ರವಿರುವ ಅಮೆರಿಕದ ಈ ಹಳೆಯ ನಾಣ್ಯದ ಅಡ್ಡಳತೆ 19 ಮಿಲಿಮೀಟರ್, ತೂಕ 4.67 ಗ್ರಾಂ. 2011ರ ಬಳಿಕದ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಆದರೆ ಅದಕ್ಕಿಂತ ಭಾರ. ಮುಖಬೆಲೆ ಒಂದೇ ಸೆಂಟ್. ಸವೆದು ಮಾಸಿದ್ದಕ್ಕೂ ಹಲವು ಲಕ್ಷ ರೂಪಾಯಿ ಹೇಳುತ್ತಾರೆ. ಯಾಕೆಂದರೆ ಇದು ಚಲಾವಣೆಗೆಂದು ಹುಟ್ಟಿದ ನಾಣ್ಯವಲ್ಲ, ಪ್ಯಾಟರ್ನ್: ಒಪ್ಪಿಗೆ ಸಿಗುವ ಮೊದಲು ಟಂಕಸಾಲೆ ಹೊಡೆದು ತೋರಿಸಿದ ಮಾದರಿ.

ಅಲ್ಲಿಯವರೆಗೆ ಅಮೆರಿಕದ ಸೆಂಟ್ ತಾಮ್ರದ ದೊಡ್ಡ ಬಿಲ್ಲೆ, 10.89 ಗ್ರಾಂ. ತಾಮ್ರ ತುಟ್ಟಿಯಾದಂತೆ ಅದನ್ನು ಮಾಡುವುದು ಹೊರೆಯಾಯಿತು. ಫಿಲಡೆಲ್ಫಿಯಾ ಟಂಕಸಾಲೆ 88 ಪಾಲು ತಾಮ್ರಕ್ಕೆ 12 ಪಾಲು ನಿಕ್ಕೆಲ್ ಬೆರೆಸಿ, ಜೇಮ್ಸ್ ಲಾಂಗೇಕರ್ ರೂಪಿಸಿದ ಹದ್ದಿನ ಅಚ್ಚಿನಲ್ಲಿ ಪುಟ್ಟ ಸೆಂಟ್ ಹೊಡೆದು ಕಾಂಗ್ರೆಸ್ ಸದಸ್ಯರಿಗೆ ತೋರಿಸಿತು. ಕಾನೂನಾದದ್ದು 1857ರ ಫೆಬ್ರವರಿ 21ರಂದು. ಆ ವರ್ಷ ಹೊಡೆದ ಸೆಂಟ್ 1,74,50,000. 1856ರ ಇಸವಿ ಹೊತ್ತವು ಎರಡು ಸಾವಿರದ ಆಸುಪಾಸು ಎಂಬುದು ಅಂದಾಜು. ಅವುಗಳಲ್ಲೂ ಬಹಳಷ್ಟು ಆಮೇಲೆ ಸಂಗ್ರಹಕಾರರಿಗೆಂದೇ ಹಳೆಯ ಇಸವಿಯಲ್ಲಿ ಹೊಡೆದವು. ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ನಮಗೆ ಇದೇ ಅನುಕೂಲವಾಗಿ ಕಾಣುತ್ತದೆ. ಎಷ್ಟೋ ಪ್ಯಾಟರ್ನ್‌ಗಳು ಬೆರಳೆಣಿಕೆಯಷ್ಟಿದ್ದು ಕಣ್ಣಿಗೇ ಬೀಳುವುದಿಲ್ಲ. ಇದು ಹುಡುಕಿದರೆ ಸಿಗುತ್ತದೆ, ಸೆಂಟ್ ಸರಣಿ ಪೂರ್ತಿ ಮಾಡುವವರಿಗೂ ಬೇಕಾಗುತ್ತದೆ, ಹಾಗಾಗಿ ಮಾರಹೊರಟರೆ ಗಿರಾಕಿ ಇದ್ದಾರೆ.

ತೊಂದರೆ ಇರುವುದು ನಕಲಿಯಲ್ಲಿ. 1858ರ ಅಸಲಿ ಸೆಂಟ್ ಅಗ್ಗ. ಅದರ ಕೊನೆಯ 8 ಅನ್ನು ಕೆರೆದು 6 ಮಾಡುತ್ತಾರೆ. ಲೋಹ, ತೂಕ, ಅಂಚು ಎಲ್ಲವೂ ಅಸಲಿಯವೇ ಆದ್ದರಿಂದ ತಕ್ಕಡಿ ಇಲ್ಲಿ ಸೋಲುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಮೊದಲು ಇಸವಿಯ 5 ನೋಡಿ: ಅಸಲಿಯಲ್ಲಿ ಅದು ಸ್ವಲ್ಪ ಬಲಕ್ಕೆ ವಾಲಿದೆ, ಅದರ ನೇರ ಗೆರೆ ಕೆಳಗೆ ಬಾಲದ ತುದಿಯಲ್ಲಿರುವ ಗುಂಡಿನ ನಡುವಿಗೆ ಗುರಿಯಿಡುತ್ತದೆ. 1858ರದ್ದರಲ್ಲಿ 5 ನೆಟ್ಟಗೆ ನಿಂತು, ಗೆರೆ ಗುಂಡಿನ ಎಡಕ್ಕೆ ಹೋಗುತ್ತದೆ. 6ರ ಕೆಳಭಾಗ ಅತಿ ದಪ್ಪಗಿದ್ದರೆ ಅನುಮಾನಪಡಿ. ಅಮೆರಿಕ ಎಂಬ ಇಂಗ್ಲಿಷ್ ಪದದಲ್ಲಿ ಎ ಮತ್ತು ಎಂ ಅಕ್ಷರಗಳ ಬುಡ ತಾಗಿರಬೇಕು. ಬಿಡಿಬಿಡಿಯಾಗಿದ್ದರೆ ಅದು 1858ರ ಸಣ್ಣ ಅಕ್ಷರದ ನಾಣ್ಯ, ಮುಂದೆ ನೋಡುವ ಅಗತ್ಯವೇ ಇಲ್ಲ.

ಎರಕದ ನಕಲಿಗಳು ಸುಲಭಕ್ಕೆ ಸಿಕ್ಕಿಬೀಳುತ್ತವೆ: ಮೈಮೇಲೆ ಗುಳ್ಳೆಯ ಗುಳಿ, ಅಂಚಿನಲ್ಲಿ ಜೋಡಣೆಯ ಗೆರೆ. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ. 12 ಪಾಲು ನಿಕ್ಕೆಲ್ ಇದ್ದರೂ ಈ ಮಿಶ್ರಲೋಹ ಅಂಟುವುದಿಲ್ಲ.

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ರಥಬೀದಿಯ ಚಿನ್ನದಂಗಡಿಯ ತಕ್ಕಡಿ ತೂಕಕ್ಕೆ ಧಾರಾಳ ಸಾಕು. ತೂಗಿಸಿ, ಅಷ್ಟೇ. ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಹುಣಸೆಹುಳಿಯ ತಂಟೆಗಂತೂ ಹೋಗಲೇಬೇಡಿ: ದೀಪಾವಳಿಗೆ ದೀಪ ಬೆಳಗಿದ ಹಾಗೆ ಇದನ್ನು ಬೆಳಗಿದರೆ ಬೆಲೆ ಅಲ್ಲೇ ಅರ್ಧಕ್ಕೆ ಇಳಿದೀತು.

ಸಂಸ್ಥೆಯೊಂದು ಪರೀಕ್ಷಿಸಿ, ದರ್ಜೆ ಬರೆದು, ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಮುಚ್ಚಿದ್ದನ್ನೇ ಕೊಳ್ಳಿ. ಸ್ಲ್ಯಾಬ್‌ಗಳಲ್ಲೂ ನಕಲಿ ಇವೆ, ಸ್ಲ್ಯಾಬ್ ಮೇಲೆ ಬರೆದ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಿ. ಚಿತ್ರವಿದ್ದರೆ ಕೈಯಲ್ಲಿರುವುದರ ಗೀರು, ಕಲೆಗೆ ಹೋಲಿಸಿ. ತರಿಸುವುದಾದರೆ ಕಸ್ಟಮ್ಸ್ ಸುಂಕ, ವಿಮೆ ಬೇರೆ.

ಸ್ಲ್ಯಾಬ್ ಇದೆಯೆಂದು ನೆಮ್ಮದಿಯಾಗಿರುವಂತಿಲ್ಲ. ಅದು ಗಾಳಿಯಾಡದ ಡಬ್ಬಿಯಲ್ಲ, ಕರಾವಳಿಯ ಮಳೆಗಾಲದ ತೇವ ಒಳಗೆ ಹೋಗಿಯೇ ಹೋಗುತ್ತದೆ. ತಾಮ್ರದ ಮೇಲೆ ಬಿದ್ದ ಕಪ್ಪು ಚುಕ್ಕೆ ಮರಳಿ ಹೋಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ನೀಲಿ ಹರಳು ಗುಲಾಬಿಯಾದಾಗ ತೆಗೆದು, ಸುಮಾರು 120 ಡಿಗ್ರಿಯ ಓವನ್‌ನಲ್ಲಿ ಮತ್ತೆ ನೀಲಿಯಾಗುವ ತನಕ ಕಾಯಿಸಿ, ಪೂರ್ತಿ ತಣಿದ ಮೇಲೆಯೇ ಒಳಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ನೋಡಿದರೆ ಒಳ್ಳೆಯದು, ಬ್ಯಾಂಕ್ ಲಾಕರ್‌ನಲ್ಲಿಟ್ಟವರು ಇದನ್ನೇ ಮರೆಯುವುದು.